ಸಾಲಕ್ಕೆ ತುಕ್ಕು ಹಿಡಿಯುವುದಿಲ್ಲ

ತೊಂಬತ್ತರ ದಶಕದ ನಡುಭಾಗದಲ್ಲಿ ನಾನು ಬಯಲುಸೀಮೆಯ ಒಂದು ಉಪವಿಭಾಗದ ಅಧಿಕಾರಿಯಾಗಿದ್ದೆ. ಆಗ ನಡೆಯುತ್ತಿದ್ದ ಸಾಲ ವಸೂಲಾತಿ ಪರಿಶೀಲನಾ ಸಭೆಗಳಲ್ಲಿ ಒಂದರ ಕಡತ ಇಂದಿಗೂ ನೆನಪಿನಲ್ಲಿದೆ. ಐವತ್ತರ ಆಸುಪಾಸಿನ ರೈತರೊಬ್ಬರು ಕೊಳವೆಬಾವಿಗೆಂದು 60 ಸಾವಿರ ರೂಪಾಯಿ ಸಾಲ ಪಡೆದಿದ್ದರು. ಎರಡು ಬೆಳೆಗೆ ನೀರು ಬಂತು, ಆಮೇಲೆ ನಿಂತಿತು. ಒಂದು ಕಂತನ್ನೂ ಕಟ್ಟಲಾಗಲಿಲ್ಲ. ಶೇ 12ರ ದರದಲ್ಲಿ ಬಡ್ಡಿಯ ಮೇಲೆ ಬಡ್ಡಿ ಬೆಳೆದು ಆರನೆಯ ವರ್ಷದ ಕೊನೆಗೆ ಬಾಕಿ 1 ಲಕ್ಷ 18 ಸಾವಿರ ದಾಟಿತ್ತು. ಅವರು ಜಗಳವಾಡಲಿಲ್ಲ, ಅಳಲೂ ಇಲ್ಲ. ಬಾವಿಯ ನೀರು ಬತ್ತಿತು, ಮೋಟಾರಿನ ಕಾಯಿಲ್ ಸುಟ್ಟಿತು, ಪೈಪಿಗೆ ತುಕ್ಕು ಹಿಡಿಯಿತು, ತಮ್ಮ ಮೈಯ ಕಸುವೂ ಇಳಿಯಿತು. ಇಷ್ಟೆಲ್ಲ ಸವೆಯುವಾಗ ಸಾಲವೊಂದು ಮಾತ್ರ ಏಕೆ ಸವೆಯುವುದಿಲ್ಲ ಎಂದು ಕೇಳಿದರು. ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಮಾಡಿದವನು. ಬಂಡವಾಳ ಸಿದ್ಧಾಂತದ ಮೇಲೆ ಒಂದು ಇಡೀ ಪತ್ರಿಕೆಯನ್ನೇ ಬರೆದಿದ್ದೆ. ನಿಯಮಾವಳಿಯ ಕಲಮುಗಳನ್ನು ಹೇಳಿ ಅವರನ್ನು ಕಳುಹಿಸಿದೆ. ವಸೂಲಿ ನೋಟಿಸಿಗೆ ಸಹಿ ಹಾಕಿದ್ದೂ ನಾನೇ.

ಆ ಪ್ರಶ್ನೆಯನ್ನು ನನಗಿಂತ ಎಪ್ಪತ್ತು ವರ್ಷ ಮೊದಲೇ ಒಬ್ಬರು ಕೈಗೆತ್ತಿಕೊಂಡು ತಮ್ಮ ಅರ್ಧ ಆಯುಷ್ಯವನ್ನು ಅದಕ್ಕೆ ತೆತ್ತಿದ್ದರೆಂದು ತಿಳಿದದ್ದು ಬಹಳ ತಡವಾಗಿ. ಅವರು ಅರ್ಥಶಾಸ್ತ್ರಜ್ಞರಲ್ಲ, ರಸಾಯನ ವಿಜ್ಞಾನಿ; ಹೆಸರು ಫ್ರೆಡರಿಕ್ ಸಾಡಿ. ವಿಜ್ಞಾನ ಓದಿದವರಿಗೆ ಐಸೋಟೋಪುಗಳನ್ನು ಗುರುತಿಸಿ ನೊಬೆಲ್ ಪಡೆದವನೆಂದು ಆತನ ಹೆಸರು ಪರಿಚಿತ. ಆದರೆ ಆತನ ಬದುಕಿನ ಉತ್ತರಾರ್ಧವನ್ನು ರಸಾಯನಶಾಸ್ತ್ರದ ಪುಸ್ತಕಗಳು ಒಂದು ಸಾಲಿನಲ್ಲಿ ಮುಗಿಸುತ್ತವೆ, ಅರ್ಥಶಾಸ್ತ್ರದ ಪಠ್ಯಗಳು ಅಷ್ಟನ್ನೂ ಹೇಳುವುದಿಲ್ಲ.

ಸಾಡಿ ಜನಿಸಿದ್ದು 1877ರ ಸೆಪ್ಟೆಂಬರ್ 2ರಂದು, ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಈಸ್ಟ್‌ಬೋರ್ನ್ ಎಂಬ ಊರಿನಲ್ಲಿ. ತಂದೆ ಧಾನ್ಯದ ವ್ಯಾಪಾರಿ. ಆಕ್ಸ್‌ಫರ್ಡಿನ ಮರ್ಟನ್ ಕಾಲೇಜಿನಲ್ಲಿ ಓದಿ 1898ರಲ್ಲಿ ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾದ ಆತ 1900ರಲ್ಲಿ ಕೆನಡಾಕ್ಕೆ ಹೋಗಿ, ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಪ್ರಯೋಗ ಸಹಾಯಕನ ಸಣ್ಣ ಹುದ್ದೆಗೆ ಸೇರಿದ. ಅಲ್ಲಿ ಭೌತವಿಜ್ಞಾನದ ಪ್ರಾಧ್ಯಾಪಕನಾಗಿದ್ದವನು ಅರ್ನೆಸ್ಟ್ ರುದರ್‌ಫರ್ಡ್. ಆತನಿಗೂ ಇನ್ನೂ ಮೂವತ್ತು ತುಂಬಿರಲಿಲ್ಲ. ಥೋರಿಯಂ ಎಂಬ ಲೋಹದಿಂದ ವಿಕಿರಣಶೀಲ ಅನಿಲವೊಂದು ಹೊರಬರುವುದನ್ನು ರುದರ್‌ಫರ್ಡ್ ಕಂಡಿದ್ದ. ಅದರ ರಾಸಾಯನಿಕ ಸ್ವಭಾವವೇನೆಂದು ಹೇಳಲು ಒಬ್ಬ ರಸಾಯನಜ್ಞ ಬೇಕಿತ್ತು.

ಆ ಅನಿಲ ಯಾವುದರೊಂದಿಗೂ ಬೆರೆಯದು, ಅದು ಆರ್ಗಾನ್ ಕುಲಕ್ಕೆ ಸೇರಿದ ಬೇರೆಯದೇ ಮೂಲವಸ್ತು ಎಂಬುದು ಸಾಡಿಯ ಪರೀಕ್ಷೆಯಿಂದ ಗೊತ್ತಾಯಿತು. ಅಂದರೆ ಒಂದು ಧಾತು ತನ್ನಷ್ಟಕ್ಕೆ ತಾನೇ ಇನ್ನೊಂದಾಗುತ್ತಿತ್ತು. ಸಾಡಿ ಅದನ್ನು ಧಾತು ಪರಿವರ್ತನೆಯೆಂದು ಕರೆದಾಗ, ಆ ಪದ ಬೇಡ, ನಮ್ಮನ್ನು ರಸವಾದಿಗಳೆಂದು ತಿಳಿದು ತಲೆ ತೆಗೆದಾರು ಎಂದು ರುದರ್‌ಫರ್ಡ್ ಎಚ್ಚರಿಸಿದನಂತೆ. ಸಾಡಿಯೇ ಮುಂದೆ ಹೇಳಿಕೊಂಡಿದ್ದ ಪ್ರಸಂಗವಿದು.

ನನ್ನ ವಿಷಯಕ್ಕೆ ಇದಕ್ಕಿಂತ ಮುಖ್ಯವಾದದ್ದು ಅದರ ಮರುವರ್ಷ ಅವರಿಬ್ಬರೂ ಬರೆದಿಟ್ಟ ಲೆಕ್ಕ. ಥೋರಿಯಂನಿಂದ ಅವರು ಬೇರ್ಪಡಿಸಿದ ‘ಥೋರಿಯಂ ಎಕ್ಸ್’ ಎಂಬ ವಸ್ತುವಿನ ವಿಕಿರಣಶಕ್ತಿ ಸುಮಾರು ನಾಲ್ಕು ದಿನಕ್ಕೆ ಅರ್ಧವಾಗುತ್ತಿತ್ತು, ಮುಂದಿನ ನಾಲ್ಕು ದಿನಕ್ಕೆ ಆ ಅರ್ಧದ ಅರ್ಧ. ಮೊದಲಿಗೆ ಎಷ್ಟೇ ಇರಲಿ, ಕರಗುವ ಪ್ರಮಾಣ ಮಾತ್ರ ಇರುವುದರ ಒಂದು ನಿಶ್ಚಿತ ಪಾಲು. ಗಣಿತ ಬಲ್ಲವರು ಗಮನಿಸಿಯೇ ಇರುತ್ತಾರೆ, ಇದು ಚಕ್ರಬಡ್ಡಿಯದೇ ಸೂತ್ರ; ಚಿಹ್ನೆ ಮಾತ್ರ ತಿರುವುಮುರುವು. ಕೂಡುವ ಬದಲು ಇಲ್ಲಿ ಕಳೆಯುತ್ತದೆ. ಪ್ರಕೃತಿಯಲ್ಲಿ ಈ ಸೂತ್ರ ಇಳಿಮುಖವಾಗಿ ಹೇಗೆ ನಡೆಯುತ್ತದೆ ಎಂಬುದನ್ನು ಇಪ್ಪತ್ತೈದರ ಹರೆಯದಲ್ಲೇ ಕಣ್ಣಾರೆ ಕಂಡವನು, ಅದೇ ಸೂತ್ರ ಬ್ಯಾಂಕಿನ ಖಾತೆಯಲ್ಲಿ ಏರುಮುಖವಾಗಿ ಓಡುವುದನ್ನು ಕಂಡಾಗ ಬೆಚ್ಚಿದ್ದು ಸಹಜವೇ. ಆದರೆ ಅದಕ್ಕೆ ಇನ್ನೂ ಹದಿನೈದು ವರ್ಷಗಳಿದ್ದವು.

1903ರಲ್ಲಿ ಲಂಡನ್ನಿಗೆ ಮರಳಿದ ಸಾಡಿ, ವಿಲಿಯಂ ರ‍್ಯಾಮ್ಸೆಯೊಡನೆ ಸೇರಿ, ರೇಡಿಯಂನಿಂದ ಹೀಲಿಯಂ ಹುಟ್ಟುವುದನ್ನು ತೋರಿಸಿದ. 1904ರಿಂದ ಹತ್ತು ವರ್ಷ ಗ್ಲಾಸ್ಗೋದಲ್ಲಿ ಉಪನ್ಯಾಸಕ. 1908ರಲ್ಲಿ ವಿನಿಫ್ರೆಡ್ ಬೀಲ್ಬಿಯೊಡನೆ ವಿವಾಹ; ಮಕ್ಕಳಾಗಲಿಲ್ಲ. ಆಕೆಯ ತಂದೆ ಜಾರ್ಜ್ ಬೀಲ್ಬಿ ಹೆಸರಾಂತ ಕೈಗಾರಿಕಾ ರಸಾಯನಜ್ಞ. ಒಂದೇ ಬಗೆಯ ರಾಸಾಯನಿಕ ಗುಣವಿದ್ದು ತೂಕ ಮಾತ್ರ ಬೇರೆಯಾದ ಪರಮಾಣುಗಳಿವೆಯೆಂದು 1913ರಲ್ಲಿ ಸಾಡಿ ಪ್ರತಿಪಾದಿಸಿದ. ಅವಕ್ಕೆ ಒಂದೇ ಸ್ಥಾನದಲ್ಲಿರುವವು ಎಂಬರ್ಥದ ಗ್ರೀಕ್ ಹೆಸರನ್ನು ಸೂಚಿಸಿದವರು ಆ ಕುಟುಂಬದ ಪರಿಚಯದ ವೈದ್ಯೆ ಮಾರ್ಗರೆಟ್ ಟಾಡ್. ಹಾಗೆ ಹುಟ್ಟಿದ ಐಸೋಟೋಪ್ ಎಂಬ ಪದ ಇಂದು ಆಸ್ಪತ್ರೆಗಳಲ್ಲಿಯೂ ಬಳಕೆಯಲ್ಲಿದೆ. 1921ನೇ ಸಾಲಿನ ನೊಬೆಲ್ ಪ್ರಶಸ್ತಿ ಸಾಡಿಗೆ ದೊರೆತದ್ದು ಮುಖ್ಯವಾಗಿ ಈ ಕೆಲಸಕ್ಕೆ. ಧಾತುಗಳ ಒಡೆಯುವಿಕೆಯ ಸಂಶೋಧನೆಗೆ ರುದರ್‌ಫರ್ಡ್ 1908ರಲ್ಲೇ ಒಬ್ಬನೇ ನೊಬೆಲ್ ಪಡೆದಿದ್ದ.

ಗ್ಲಾಸ್ಗೋದ ದಿನಗಳಲ್ಲಿಯೇ ಸಾಡಿಯ ಮನಸ್ಸು ಇನ್ನೊಂದು ಕಡೆಗೂ ಹರಿಯುತ್ತಿತ್ತು. ಪರಮಾಣು ಒಡೆಯುವಾಗ ಹೊಮ್ಮುವ ಶಕ್ತಿ ಯಾವ ರಾಸಾಯನಿಕ ಕ್ರಿಯೆಗಿಂತಲೂ ಕನಿಷ್ಠ 20 ಸಾವಿರ ಪಟ್ಟು, ಪ್ರಾಯಶಃ ಹತ್ತು ಲಕ್ಷ ಪಟ್ಟು ಹೆಚ್ಚೆಂದು ರುದರ್‌ಫರ್ಡ್ ಮತ್ತು ಸಾಡಿ 1903ರಲ್ಲೇ ಅಂದಾಜು ಮಾಡಿದ್ದರು. ಸಾಮಾನ್ಯ ಜನರಿಗಾಗಿ ಮಾಡಿದ ಭಾಷಣಗಳನ್ನು ಸಾಡಿ 1909ರಲ್ಲಿ ರೇಡಿಯಂ ಕುರಿತ ಪುಸ್ತಕವಾಗಿ ಪ್ರಕಟಿಸಿದ. ನಾಗರಿಕತೆಯ ಇತಿಹಾಸವೆಂದರೆ ರಾಜರ, ಯುದ್ಧಗಳ ಕಥೆಯಲ್ಲ, ಮನುಷ್ಯ ಶಕ್ತಿಯನ್ನು ಎಲ್ಲಿಂದ ಪಡೆದ ಎಂಬುದರ ಕಥೆ. ಕಲ್ಲಿದ್ದಲು ಒಂದು ದಿನ ಮುಗಿಯುತ್ತದೆ, ಪರಮಾಣುವಿನ ಬೀಗ ತೆರೆಯದಿದ್ದರೆ ನಮ್ಮ ವೈಭವವೂ ಮುಗಿಯುತ್ತದೆ ಎಂಬುದು ಅದರ ಧಾಟಿ. ಆ ಪುಸ್ತಕ ಓದಿದ ಎಚ್.ಜಿ. ವೆಲ್ಸ್ 1914ರಲ್ಲಿ ಪರಮಾಣು ಬಾಂಬುಗಳ ಯುದ್ಧವನ್ನು ಕಲ್ಪಿಸಿ ಕಾದಂಬರಿ ಬರೆದು, ಅದನ್ನು ಸಾಡಿಯ ಪುಸ್ತಕಕ್ಕೇ ಅರ್ಪಿಸಿದ. ಆ ಕಾದಂಬರಿಯನ್ನು 1932ರಲ್ಲಿ ಓದಿದ ಲಿಯೋ ಜಿಲಾರ್ಡ್, ಮರುವರ್ಷ ಸರಣಿ ಕ್ರಿಯೆಯ ಕಲ್ಪನೆಗೆ ಬಂದ.

ಕಾದಂಬರಿ ಬಂದ ವರ್ಷವೇ ನಿಜವಾದ ಯುದ್ಧ ಶುರುವಾಯಿತು. ಸಾಡಿ ಆಗ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಪ್ರಾಧ್ಯಾಪಕ. 1915ರ ಆಗಸ್ಟ್‌ನಲ್ಲಿ ಗಲಿಪೊಲಿಯ ಕಾಳಗದಲ್ಲಿ ಹೆನ್ರಿ ಮೋಸ್ಲಿ ಎಂಬ ಯುವ ವಿಜ್ಞಾನಿ ಗುಂಡಿಗೆ ಬಲಿಯಾದ. ಪ್ರತಿ ಧಾತುವಿಗೂ ಒಂದು ಕ್ರಮಸಂಖ್ಯೆ ಇರುವುದಕ್ಕೆ ಪ್ರಾಯೋಗಿಕ ಆಧಾರ ಒದಗಿಸಿದವನು ಆತ, ವಯಸ್ಸು 27. ಆ ಸುದ್ದಿ ಕೇಳಿದಂದು ತನ್ನೊಳಗೆ ಏನೋ ತುಂಡಾಯಿತೆಂದು ಸಾಡಿ ಮುಂದೆ ಹೇಳಿಕೊಂಡ. ವಿಜ್ಞಾನ ಕೊಡುವ ಶಕ್ತಿಯನ್ನು ಸಮೃದ್ಧಿಗೆ ಬಳಸಲು ಬಾರದ ಜನರ ಕೈಗೆ ಪರಮಾಣು ಶಕ್ತಿ ಸಿಕ್ಕರೆ ಗತಿಯೇನು ಎಂಬ ಭಯ ಆತನನ್ನು ಹಿಡಿಯಿತು. ಇಷ್ಟೊಂದು ಉತ್ಪಾದಿಸಬಲ್ಲ ದೇಶಗಳಲ್ಲಿ ಬಡತನವೂ ಯುದ್ಧವೂ ಏಕಿವೆ? ಉತ್ತರ ಪ್ರಯೋಗಾಲಯದಲ್ಲಿರಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಬ್ರಿಟನ್ನಿನ ರಾಷ್ಟ್ರೀಯ ಸಾಲ ಸುಮಾರು 65 ಕೋಟಿ ಪೌಂಡಿನಿಂದ 700 ಕೋಟಿ ಪೌಂಡಿಗೂ ಮೇಲೇರಿತ್ತು. ಆ ಸಾಲದಿಂದ ಕೊಂಡ ಮದ್ದುಗುಂಡುಗಳೆಲ್ಲ ಸಿಡಿದು ಹೋಗಿದ್ದವು. ಸಾಲಪತ್ರಗಳು ಉಳಿದಿದ್ದವು, ಮತ್ತು ಕಾಗದದ ಮೇಲೆ ಅವು ದೇಶದ ಸಂಪತ್ತೆಂದೇ ಎಣಿಕೆಯಾಗುತ್ತಿದ್ದವು. ಸಾಡಿ ಅರ್ಥಶಾಸ್ತ್ರದ ಪುಸ್ತಕಗಳನ್ನು ತೆರೆದ.

ಆತ ಅಲ್ಲಿ ಕಂಡದ್ದೇನೆಂದು ಹೇಳುವ ಮೊದಲು ಉಷ್ಣಗತಿ ವಿಜ್ಞಾನದ, ಅಂದರೆ ಥರ್ಮೋಡೈನಮಿಕ್ಸ್‌ನ, ಒಂದು ಸರಳ ಪಾಠ ಹೇಳಬೇಕು. ಆ ಶಾಸ್ತ್ರ ವಸ್ತುಪ್ರಪಂಚದ ಯಾವುದೇ ತುಣುಕನ್ನು ಒಂದು ವ್ಯವಸ್ಥೆಯೆಂದು ಗಣಿಸಿ, ಅದರ ಗಡಿಯನ್ನು ದಾಟಿ ಏನು ಹೋಗುತ್ತದೆ, ಏನು ಬರುತ್ತದೆ ಎಂದು ಕೇಳುತ್ತದೆ. ಒಲೆಯ ಮೇಲೆ ತೆರೆದ ಪಾತ್ರೆಯಲ್ಲಿ ಕುದಿಯುವ ನೀರಿಗೆ ಶಾಖ ಒಳಬರುತ್ತದೆ, ಆವಿಯಾಗಿ ನೀರೂ ಹೊರಹೋಗುತ್ತದೆ. ಇದು ತೆರೆದ ವ್ಯವಸ್ಥೆ. ಸೀಟಿ ಹಾಕುವ ಮುನ್ನ ಬಿಗಿಯಾಗಿ ಮುಚ್ಚಿರುವ ಕುಕ್ಕರಿನಲ್ಲಿ ಶಾಖ ಗಡಿ ದಾಟುತ್ತದೆ, ನೀರು ದಾಟುವುದಿಲ್ಲ; ಇದು ಮುಚ್ಚಿದ ವ್ಯವಸ್ಥೆ. ಕಾಫಿ ತುಂಬಿ ಮುಚ್ಚಳ ತಿರುಗಿಸಿದ ಫ್ಲಾಸ್ಕಿನಲ್ಲಿ, ಸ್ವಲ್ಪ ಹೊತ್ತಿನ ಮಟ್ಟಿಗಾದರೂ, ಎರಡೂ ದಾಟುವುದಿಲ್ಲ; ಇದು ಪ್ರತ್ಯೇಕಿತ ವ್ಯವಸ್ಥೆ. ಈ ಶಾಸ್ತ್ರದ ಮೊದಲ ನಿಯಮ, ಶಕ್ತಿ ಹುಟ್ಟುವುದಿಲ್ಲ, ಸಾಯುವುದಿಲ್ಲ ಎನ್ನುತ್ತದೆ. ಎರಡನೆಯದು, ಶಕ್ತಿಯ ಮೊತ್ತ ಅಷ್ಟೇ ಇದ್ದರೂ ಅದರಿಂದ ಕೆಲಸ ಪಡೆಯುವ ಯೋಗ್ಯತೆ ಮಾತ್ರ ಪ್ರತಿ ಬಳಕೆಯಲ್ಲೂ ಕುಗ್ಗುತ್ತದೆ ಎನ್ನುತ್ತದೆ. ಪ್ರತ್ಯೇಕಿತ ವ್ಯವಸ್ಥೆಯಲ್ಲಿ ಈ ಕುಗ್ಗುವಿಕೆಗೆ ಪರಿಹಾರವಿಲ್ಲ. ಜೀವಂತ ದೇಹ, ಓಡುವ ಎಂಜಿನ್, ಬೆಳೆಯುವ ಪೈರು ಇವೆಲ್ಲ ನಿಂತಿರುವುದು ಹೊರಗಿನಿಂದ ಉತ್ತಮ ದರ್ಜೆಯ ಶಕ್ತಿಯನ್ನು ಒಳಕ್ಕೆಳೆದು, ಕೆಳದರ್ಜೆಯ ಶಾಖವಾಗಿ ಹೊರಕ್ಕೆ ತಳ್ಳುವುದರಿಂದ.

ಭೂಮಿಯನ್ನು ಈ ದೃಷ್ಟಿಯಿಂದ ನೋಡಿದರೆ ಅದು ಹೆಚ್ಚುಕಡಿಮೆ ಮುಚ್ಚಿದ ವ್ಯವಸ್ಥೆ. ಉಲ್ಕೆಗಳ ಧೂಳು ಬೀಳುತ್ತದೆ, ಮೇಲಿನ ವಾತಾವರಣದಿಂದ ಒಂದಿಷ್ಟು ಜಲಜನಕ ಹಾರಿಹೋಗುತ್ತದೆ. ಅದನ್ನು ಬಿಟ್ಟರೆ ವಸ್ತುವಿನ ವ್ಯಾಪಾರವಿಲ್ಲ. ಬಿಸಿಲು ಬರುತ್ತದೆ, ಶಾಖ ಹೋಗುತ್ತದೆ. ಬಂದಷ್ಟೇ ಸರಿಸುಮಾರು ಹೋಗುತ್ತದೆ, ಆದರೆ ಬಂದ ದರ್ಜೆಯಲ್ಲಿ ಅಲ್ಲ. ಆ ಬರುವಿಕೆ ಮತ್ತು ಹೋಗುವಿಕೆಯ ನಡುವಿನ ದರ್ಜೆಯ ಇಳಿತವೇ ಭತ್ತದ ಗದ್ದೆ, ಮುಂಗಾರು, ನಮ್ಮ ಊಟ.

ಇನ್ನು ಅರ್ಥಶಾಸ್ತ್ರದ ಮೊದಲ ಪಾಠ. ನಾನೂ ಪರೀಕ್ಷೆಯಲ್ಲಿ ಬರೆದು ಅಂಕ ಗಳಿಸಿದ ಚಿತ್ರವೊಂದಿದೆ. ಒಂದು ಚೌಕದಲ್ಲಿ ಕುಟುಂಬಗಳು, ಇನ್ನೊಂದರಲ್ಲಿ ಉದ್ಯಮಗಳು. ದುಡಿಮೆ ಇಲ್ಲಿಂದ ಅಲ್ಲಿಗೆ, ಕೂಲಿ ಅಲ್ಲಿಂದ ಇಲ್ಲಿಗೆ. ಸರಕು ಅಲ್ಲಿಂದ ಇಲ್ಲಿಗೆ, ಬೆಲೆ ಇಲ್ಲಿಂದ ಅಲ್ಲಿಗೆ. ಬಾಣಗಳು ಸುತ್ತುತ್ತಲೇ ಇರುತ್ತವೆ. ಎಲ್ಲಿಯೂ ಕಲ್ಲಿದ್ದಲು ಒಳಗೆ ಬರುವುದಿಲ್ಲ, ಹೊಗೆ ಹೊರಗೆ ಹೋಗುವುದಿಲ್ಲ. ಭೌತವಿಜ್ಞಾನಿ ಇದನ್ನು ಪ್ರತ್ಯೇಕಿತ ವ್ಯವಸ್ಥೆಯೆಂದು ಕರೆದು, ಸ್ವಲ್ಪ ಹೊತ್ತಿನಲ್ಲೇ ನಿಂತುಹೋಗಬೇಕಾದ ಯಂತ್ರವೆನ್ನುತ್ತಾನೆ. ಹೊರಗಿನಿಂದ ಏನನ್ನೂ ಪಡೆಯದೆ ಅದು ನಿರಂತರ ಓಡುವುದಾದರೆ ಅದು ನಿತ್ಯಚಲನ ಯಂತ್ರ, ಅಂಥದೊಂದು ಸಾಧ್ಯವೇ ಇಲ್ಲವೆಂದು ಉಷ್ಣಗತಿ ವಿಜ್ಞಾನ ತೋರಿಸಿ ಎಷ್ಟೋ ಕಾಲವಾಯಿತು.

1921ರ ನವೆಂಬರಿನಲ್ಲಿ ಸಾಡಿ ಲಂಡನ್ನಿನ ಬರ್ಕ್‌ಬೆಕ್ ಕಾಲೇಜು ಮತ್ತು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ವಿದ್ಯಾರ್ಥಿ ಸಂಘಗಳ ಮುಂದೆ ಮಾಡಿದ ಎರಡು ಭಾಷಣಗಳ ಸಾರ ಇದೇ. ಕಾರ್ಟೀಸಿಯನ್ ಅರ್ಥಶಾಸ್ತ್ರ, ಅಂದರೆ ದೆಕಾರ್ತನ ಹಾದಿಯ ಅರ್ಥಶಾಸ್ತ್ರ ಎಂದು ಅವಕ್ಕೆ ಹೆಸರಿಟ್ಟ. ಹಣ ಸುತ್ತುತ್ತದೆ, ಶಕ್ತಿ ಸುತ್ತುವುದಿಲ್ಲ. ಒಂದೇ ನೋಟು ದಿನಕ್ಕೆ ಹತ್ತು ಕೈ ಬದಲಾಯಿಸಬಹುದು, ಒಂದೇ ಕಲ್ಲಿದ್ದಲ ತುಂಡನ್ನು ಎರಡು ಸಲ ಉರಿಸಲಾಗದು. ಬಿಸಿಲು ನಮ್ಮ ವರಮಾನ, ಕಲ್ಲಿದ್ದಲು ಕೋಟ್ಯಂತರ ವರ್ಷಗಳ ಬಿಸಿಲಿನ ಠೇವಣಿ. ಉಗಿಯಂತ್ರದ ಯುಗ ಆ ಠೇವಣಿಯನ್ನು ಒಡೆದು ಸಂಸಾರ ನಡೆಸಿ ಅದನ್ನೇ ಆದಾಯವೆಂದು ಬೀಗಿತು. ಸರ್ಕಾರಿ ಲೆಕ್ಕಪತ್ರ ನೋಡಿ ಪಳಗಿದ ನನಗೆ ಇಲ್ಲಿ ಒಂದು ಕ್ಷಣ ನಗು ಬಂತು. ಆಸ್ತಿ ಮಾರಿದ ಹಣ ಬಂಡವಾಳ ಲೆಕ್ಕದ ಜಮೆ, ಅದರಿಂದ ಸಂಬಳ ಕೊಟ್ಟರೆ ಲೆಕ್ಕಪರಿಶೋಧಕರು ಆಕ್ಷೇಪಣೆ ಬರೆಯುತ್ತಾರೆ. ಸಾಡಿ ಇಡೀ ಕೈಗಾರಿಕಾ ನಾಗರಿಕತೆಯ ಮೇಲೆ ಬರೆದದ್ದು ಅದೇ ಆಕ್ಷೇಪಣೆ. ನಮ್ಮ ಆಳದ ಕೊಳವೆಬಾವಿಗಳಿಗೂ ಅದು ಅನ್ವಯಿಸುತ್ತದೆ. ವರ್ಷವರ್ಷ ಇಂಗುವ ಮಳೆ ವರಮಾನ, ಬಂಡೆಯ ಬಿರುಕುಗಳಲ್ಲಿ ತಲೆತಲಾಂತರದಿಂದ ಸೇರಿದ ನೀರು ಠೇವಣಿ. ನಾವು ಸಾಲ ಮಂಜೂರು ಮಾಡುವಾಗ ಎರಡನ್ನೂ ಒಂದೇ ಕಲಮಿನಲ್ಲಿ ಬರೆದುಕೊಂಡಿದ್ದೆವು.

ಅರ್ಥಶಾಸ್ತ್ರಜ್ಞರ ಪೈಕಿ ಸಾಡಿಗೆ ಗೌರವವಿದ್ದದ್ದು ಜಾನ್ ರಸ್ಕಿನ್ ಮೇಲೆ. ಸಂಪತ್ತು ಎಂದರೆ ಬದುಕು ಎಂದು ವಾದಿಸಿದ ರಸ್ಕಿನ್ನನ್ನು ಶಾಸ್ತ್ರಜ್ಞರು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅದೇ ರಸ್ಕಿನ್‌ನ ಪುಸ್ತಕವೊಂದನ್ನು 1904ರಲ್ಲಿ ಜೊಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಓದಿ ಗಾಂಧೀಜಿ ತಮ್ಮ ಬದುಕನ್ನೇ ಬದಲಿಸಿಕೊಂಡರು, ‘ಸರ್ವೋದಯ’ ಎಂದು ಗುಜರಾತಿಗೆ ತಂದರು. ಒಂದೇ ಪುಸ್ತಕಕಾರ ಒಬ್ಬರನ್ನು ಚರಕದ ಕಡೆಗೂ ಇನ್ನೊಬ್ಬರನ್ನು ಬ್ಯಾಂಕುಗಳ ಲೆಕ್ಕಪುಸ್ತಕದ ಕಡೆಗೂ ಕಳುಹಿಸಿದ್ದು ವಿಚಿತ್ರವೇ ಸರಿ.

ಸಾಡಿಯ ಮುಖ್ಯ ಗ್ರಂಥ ಬಂದದ್ದು 1926ರಲ್ಲಿ. ಸಂಪತ್ತು, ತೋರಿಕೆಯ ಸಂಪತ್ತು ಮತ್ತು ಸಾಲ ಎಂಬುದು ಅದರ ಶೀರ್ಷಿಕೆಯ ಅರ್ಥ. ಬ್ರಿಟನ್ ಹಿಂದಿನ ವರ್ಷ ಚಿನ್ನದ ಪ್ರಮಾಣಕ್ಕೆ ಮರಳಿತ್ತು, ಆ ವರ್ಷ ಸಾರ್ವತ್ರಿಕ ಮುಷ್ಕರ ನಡೆದಿತ್ತು. ಗ್ರಂಥದ ವಾದ ಹೀಗೆ. ಸಂಪತ್ತು ಭೌತವಸ್ತು, ಆದ್ದರಿಂದ ಅದು ಉಷ್ಣಗತಿ ವಿಜ್ಞಾನದ ನಿಯಮಗಳಿಗೆ ಬದ್ಧ. ಧಾನ್ಯ ಮುಗ್ಗುತ್ತದೆ, ಮನೆ ಸೋರುತ್ತದೆ, ಯಂತ್ರ ತುಕ್ಕು ಹಿಡಿಯುತ್ತದೆ. ಸಾಲವಾದರೋ ಗಣಿತದ ಸಂಖ್ಯೆ, ಅದಕ್ಕೆ ಕೊಳೆಯುವಿಕೆ ಇಲ್ಲ. ಸಾಡಿ ಇದಕ್ಕೆ ಹಂದಿಗಳ ಉದಾಹರಣೆ ಕೊಡುತ್ತಾನೆ. ಎರಡು ಹಂದಿ ಇದ್ದರೆ ಕಣ್ಣಿಗೆ ಕಾಣುತ್ತವೆ, ಮೇವು ಬೇಡುತ್ತವೆ, ಜಾಗ ಬೇಡುತ್ತವೆ; ಹಾಗಾಗಿ ಎಷ್ಟೇ ಮರಿ ಹಾಕಿದರೂ ಒಂದು ಮಿತಿಯಲ್ಲಿ ನಿಲ್ಲಲೇಬೇಕು. ಋಣ ಎರಡು ಹಂದಿಗಳನ್ನು ಯಾರೂ ಕಂಡಿಲ್ಲ. ಅವಕ್ಕೆ ಮೇವೂ ಬೇಡ, ದೊಡ್ಡಿಯೂ ಬೇಡ. ಅವು ಅನಂತದವರೆಗೆ ಮರಿ ಹಾಕಬಲ್ಲವು.

ಇದು ಬರಿಯ ತಮಾಷೆಯಲ್ಲ. ಶೇ 5ರ ಚಕ್ರಬಡ್ಡಿಗೆ ಇಟ್ಟ ಒಂದು ರೂಪಾಯಿ ನೂರು ವರ್ಷಕ್ಕೆ 131 ರೂಪಾಯಿಯಾಗುತ್ತದೆ, ಐನೂರು ವರ್ಷಕ್ಕೆ 3,900 ಕೋಟಿ ದಾಟುತ್ತದೆ. ಯಾವ ಗದ್ದೆಯೂ ಹಾಗೆ ಫಲ ಕೊಟ್ಟದ್ದಿಲ್ಲ. ನಮ್ಮ ಹಿರಿಯರಿಗೆ ಇದರ ಅರಿವಿದ್ದಿರಬೇಕು. ಒಂದು ಸಲಕ್ಕೆ ವಸೂಲು ಮಾಡುವ ಬಡ್ಡಿ ಅಸಲನ್ನು ಮೀರಕೂಡದೆಂಬ ದಾಮ್‌ದುಪಟ್ ನಿಯಮ ಹಿಂದೂ ಧರ್ಮಶಾಸ್ತ್ರದ್ದು, ಹಳೆಯ ಮುಂಬಯಿ ಪ್ರಾಂತದ ನ್ಯಾಯಾಲಯಗಳು ಬ್ರಿಟಿಷರ ಕಾಲದಲ್ಲೂ ಅದನ್ನು ಮನ್ನಿಸುತ್ತಿದ್ದವು. ಸಾಡಿಗೆ ಇದು ತಿಳಿದಿತ್ತೋ ಇಲ್ಲವೋ, ಕೇಳಿದ್ದರೆ ಖಂಡಿತ ಸಂತೋಷಪಡುತ್ತಿದ್ದ.

ತೋರಿಕೆಯ ಸಂಪತ್ತೆಂದರೆ ಹಣ. ನನ್ನ ಜೇಬಿನಲ್ಲಿ ನೂರು ರೂಪಾಯಿ ಇದೆಯೆಂದರೆ ನೂರು ರೂಪಾಯಿಯ ಅಕ್ಕಿಯನ್ನು ನಾನು ಸದ್ಯಕ್ಕೆ ಕೊಳ್ಳದೆ ಬಿಟ್ಟಿದ್ದೇನೆ ಎಂದರ್ಥ. ಅಕ್ಕಿ ಅಂಗಡಿಯಲ್ಲೇ ಇದೆ, ಆದರೂ ನಾನೂ ಶ್ರೀಮಂತ, ಅಂಗಡಿಯವನೂ ಶ್ರೀಮಂತ. ಎಲ್ಲರೂ ಒಂದೇ ದಿನ ಹಣವನ್ನು ಅಕ್ಕಿಯಾಗಿ ಬದಲಿಸಹೊರಟರೆ ಭ್ರಮೆ ಒಡೆಯುತ್ತದೆ. ಸಮಾಜ ಒಪ್ಪಿ ಬಿಟ್ಟುಕೊಟ್ಟ ಈ ಸಂಪತ್ತಿನ ಲಾಭ ಸಮಾಜಕ್ಕೇ ಸಲ್ಲಬೇಕು, ಅಂದರೆ ಹಣ ಸೃಷ್ಟಿಸುವ ಅಧಿಕಾರ ಸರ್ಕಾರದ್ದಾಗಿರಬೇಕು. ಆದರೆ ಖಾಸಗಿ ಬ್ಯಾಂಕುಗಳು ಸಾಲ ಕೊಡುವ ಕ್ರಿಯೆಯಲ್ಲೇ ಹೊಸ ಹಣ ಹುಟ್ಟಿಸಿ ಅದರ ಮೇಲೆ ಬಡ್ಡಿ ಪಡೆಯುತ್ತಿವೆ ಎಂಬುದು ಸಾಡಿಯ ದೂರು. ಬ್ಯಾಂಕು ಠೇವಣಿಯನ್ನೇ ಸಾಲವಾಗಿ ಕೊಡುತ್ತದೆ ಎಂದು ನಂಬಿದ್ದ ಅನೇಕರು ಆತನನ್ನು ಅರೆಹುಚ್ಚನೆಂದರು. 2014ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ತನ್ನ ತ್ರೈಮಾಸಿಕ ಪತ್ರಿಕೆಯಲ್ಲಿ, ಸಾಲ ಕೊಟ್ಟಾಗಲೇ ಠೇವಣಿ ಸೃಷ್ಟಿಯಾಗುತ್ತದೆ ಎಂದು ವಿವರಿಸಿ ಬರೆಯಿತು.

ಆತ ಮುಂದಿಟ್ಟ ಸಲಹೆಗಳ ಗತಿಯನ್ನು ನೋಡಿ. ಚಿನ್ನದ ಪ್ರಮಾಣ ಬಿಡಿ ಎಂದ. ಬ್ರಿಟನ್ 1931ರಲ್ಲಿ ಬಿಟ್ಟಿತು. ವಿದೇಶಿ ವಿನಿಮಯ ದರವನ್ನು ಮಾರುಕಟ್ಟೆಗೆ ಬಿಡಿ ಎಂದ. ಪ್ರಮುಖ ದೇಶಗಳು 1973ರಲ್ಲಿ, ನಾವು 1993ರಲ್ಲಿ ಹಾಗೆ ಮಾಡಿದೆವು. ಬೆಲೆ ಸೂಚ್ಯಂಕ ಕಟ್ಟಿ ಅದು ಸ್ಥಿರವಾಗಿರುವಂತೆ ಹಣದ ಪ್ರಮಾಣ ಹೊಂದಿಸಿ ಎಂದ. 2016ರ ತಿದ್ದುಪಡಿಯ ನಂತರ ನಮ್ಮ ರಿಸರ್ವ್ ಬ್ಯಾಂಕಿಗೆ ಗ್ರಾಹಕ ಬೆಲೆ ಸೂಚ್ಯಂಕದ ಗುರಿ ಕಾನೂನಿನಲ್ಲೇ ಇದೆ. ಉಳಿದದ್ದು ಒಂದು: ಬ್ಯಾಂಕುಗಳು ಬೇಡಿಕೆ ಠೇವಣಿಯ ಶೇ 100ರಷ್ಟನ್ನೂ ಮೀಸಲಿಡಬೇಕು ಎಂಬುದು. ಷಿಕಾಗೋದ ಫ್ರಾಂಕ್ ನೈಟ್ 1927ರಲ್ಲಿ ಸಾಡಿಯ ಗ್ರಂಥವನ್ನು ವಿಮರ್ಶಿಸುತ್ತ ಬ್ಯಾಂಕುಗಳ ಕುರಿತ ಮಾತಿಗೆ ಮನ್ನಣೆ ಕೊಟ್ಟ. 1933ರ ಮಹಾಕುಸಿತದ ನಡುವೆ ಆತನೂ ಸಂಗಡಿಗರೂ ಸಿದ್ಧಪಡಿಸಿದ ಷಿಕಾಗೋ ಯೋಜನೆಯಲ್ಲಿ ಇದೇ ಸಲಹೆ ಇತ್ತು. 2012ರಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಇಬ್ಬರು ಸಂಶೋಧಕರು ಅದನ್ನು ಮತ್ತೆ ಪರೀಕ್ಷಿಸಿ ಬಹುಪಾಲು ಸಮರ್ಥಿಸಿದರು. ಇದರ ಹತ್ತಿರದ ಪ್ರಸ್ತಾಪವೊಂದು 2018ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಜನಮತಗಣನೆಗೆ ಬಂದಾಗ ಮುಕ್ಕಾಲು ಪಾಲು ಮತದಾರರು ತಿರಸ್ಕರಿಸಿದರು.

ನಾನು ಸಾಡಿಯ ಭಕ್ತನಲ್ಲ. ಬೆಲೆ ಎಂಬುದು ಶಕ್ತಿಯ ಅಳತೆಯಲ್ಲ. ಒಂದು ಚಿತ್ರಪಟಕ್ಕೂ ಒಂದು ಮೂಟೆ ಇದ್ದಿಲಿಗೂ ಇರುವ ಬೆಲೆಯ ಅಂತರವನ್ನು ಕೆಲೊರಿಗಳಲ್ಲಿ ವಿವರಿಸಲಾಗದು. ಬಡ್ಡಿಯೂ ಪ್ರತಿ ಸಲ ವಂಚನೆಯಲ್ಲ. ಸಾಲದ ದುಡ್ಡಿನಿಂದ ಕೆರೆಯ ತೂಬು ದುರಸ್ತಿಯಾಗಿ ಎರಡನೇ ಬೆಳೆ ಬಂದರೆ ಆ ಬಡ್ಡಿ ಬಿಸಿಲಿನಿಂದಲೇ ಸಂದಾಯವಾಗುತ್ತದೆ. ಸಾಲ ಸವೆಯುವುದಿಲ್ಲ ಎಂಬುದೂ ಪೂರ್ತಿ ನಿಜವಲ್ಲ. ಹಣದುಬ್ಬರ ಅದನ್ನು ಸವೆಸುತ್ತದೆ, ದಿವಾಳಿತನ ಅಳಿಸುತ್ತದೆ, ಸರ್ಕಾರಗಳು ಮನ್ನಾ ಮಾಡುತ್ತವೆ. ಸಾಡಿಗೆ ಇದು ಗೊತ್ತಿತ್ತು. ಅಸಲಿ ಸಂಪತ್ತಿನಿಂದ ಹೊರಲಾಗದಷ್ಟು ಸಾಲ ಬೆಳೆದಾಗ ಅದು ಹೀಗೇ ಯಾವುದೋ ಒಂದು ಹಾದಿಯಲ್ಲಿ, ಯಾರದೋ ತಲೆಯ ಮೇಲೆ ಕುಸಿಯುತ್ತದೆ ಎಂಬುದೇ ಆತನ ಮಾತಾಗಿತ್ತು. ಯಾರ ತಲೆಯ ಮೇಲೆ ಎಂಬುದನ್ನು ನಾನು ಕಚೇರಿಯ ಮೇಜಿನ ಈಚೆ ಬದಿಯಿಂದ ನೋಡಿದ್ದೇನೆ.

ಇನ್ನೊಂದು ಕಲೆಯನ್ನೂ ಮುಚ್ಚಿಡಬಾರದು. ಬ್ಯಾಂಕರ್‌ಗಳ ಮೇಲಿನ ಸಿಟ್ಟಿನಲ್ಲಿ ಸಾಡಿ ತನ್ನ ಕೆಲವು ಬರಹಗಳಲ್ಲಿ ಯಹೂದಿಗಳ ವಿರುದ್ಧದ ಪೂರ್ವಗ್ರಹಕ್ಕೆ ಜಾರಿದ. ಆ ಕಾಲದ ಯೂರೋಪಿನಲ್ಲಿ ಅದು ಸಾಮಾನ್ಯವಾಗಿತ್ತು ಎಂಬ ಸಮಜಾಯಿಷಿ ಸಾಲದು. ವ್ಯವಸ್ಥೆಯ ದೋಷವನ್ನು ಗಣಿತದಲ್ಲಿ ತೋರಿಸಬಲ್ಲವನು ಒಂದು ಜನಾಂಗದ ಮೇಲೆ ಬೆರಳು ತೋರಿಸಿದ್ದು ತನ್ನ ವಾದಕ್ಕೆ ತಾನೇ ಮಾಡಿದ ಹಾನಿ.

1919ರಲ್ಲಿ ಆಕ್ಸ್‌ಫರ್ಡಿನ ಪ್ರಾಧ್ಯಾಪಕನಾಗಿ ಮರಳಿದ ಸಾಡಿ ಅಲ್ಲಿ ಸುಖವಾಗಿರಲಿಲ್ಲ. ಸಹೋದ್ಯೋಗಿಗಳೊಂದಿಗೆ ಕಲಹ, ವಿಕಿರಣಶೀಲತೆಯ ಸಂಶೋಧನೆ ಹೆಚ್ಚುಕಡಿಮೆ ಸ್ಥಗಿತ. ರಸಾಯನಜ್ಞರ ಪಾಲಿಗೆ ಆತ ದಾರಿ ತಪ್ಪಿದವನು, ಅರ್ಥಶಾಸ್ತ್ರಜ್ಞರ ಪಾಲಿಗೆ ಆಹ್ವಾನವಿಲ್ಲದೆ ಬಂದ ಅತಿಥಿ. 1936ರ ಜೂನ್‌ನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಆತನದೊಂದು ಪದ್ಯ ಪ್ರಕಟವಾಯಿತು. ಒಂದನ್ನೊಂದು ಮುಟ್ಟುವ ನಾಲ್ಕು ವೃತ್ತಗಳ ಅಳತೆಯ ಸಂಬಂಧವನ್ನು ಚುಂಬನದ ರೂಪಕದಲ್ಲಿ ಹೇಳುವ ಪದ್ಯ. ಆ ಪ್ರಮೇಯ ಮೊದಲು ಕಂಡವನು ಮತ್ತದೇ ದೆಕಾರ್ತ್. ಅದೇ ವರ್ಷ ವಿನಿಫ್ರೆಡ್ ತೀರಿಕೊಂಡಳು. 59ರ ವಯಸ್ಸಿನಲ್ಲಿ ಸಾಡಿ ಹುದ್ದೆ ಬಿಟ್ಟ.

1945ರಲ್ಲಿ ಹಿರೋಷಿಮಾ, ನಾಗಸಾಕಿ. 1909ರಲ್ಲಿ ತಾನು ಆಸೆಯಿಂದ ಬರೆದದ್ದು ಯಾವ ರೂಪದಲ್ಲಿ ನಿಜವಾಯಿತೆಂದು ನೋಡಲು ಆತ ಬದುಕಿದ್ದ. 1955ರ ಜುಲೈನಲ್ಲಿ ಅಣ್ವಸ್ತ್ರಗಳ ವಿರುದ್ಧ ನೊಬೆಲ್ ಪುರಸ್ಕೃತರು ಹೊರಡಿಸಿದ ಮೈನಾವ್ ಘೋಷಣೆಗೆ ಮೊದಲಿಗೆ ಸಹಿ ಹಾಕಿದ ಹದಿನೆಂಟು ಮಂದಿಯಲ್ಲಿ ಸಾಡಿಯೂ ಒಬ್ಬ. 1956ರ ಸೆಪ್ಟೆಂಬರ್ 22ರಂದು, 79ನೆಯ ವಯಸ್ಸಿನಲ್ಲಿ, ಬ್ರೈಟನ್‌ನಲ್ಲಿ ನಿಧನನಾದ.

ಅರ್ಥವ್ಯವಸ್ಥೆಯನ್ನು ಭೂಮಿಯೊಳಗಿನ ಒಂದು ತೆರೆದ ವ್ಯವಸ್ಥೆಯಾಗಿ ನೋಡುವ ಕೆಲಸವನ್ನು ಮುಂದೆ ರುಮೇನಿಯಾ ಮೂಲದ ನಿಕೊಲಸ್ ಜಾರ್ಜೆಸ್ಕು ರೋಗನ್ 1971ರ ತಮ್ಮ ಗ್ರಂಥದಲ್ಲಿ ಶಾಸ್ತ್ರೀಯವಾಗಿ ಕೈಗೊಂಡರು. ಅವರ ಶಿಷ್ಯ ಹರ್ಮನ್ ಡೇಲಿ 1980ರಲ್ಲಿ ಸಾಡಿಯ ಅರ್ಥಚಿಂತನೆಯ ಮೇಲೆ ಪ್ರಬಂಧ ಬರೆದು ಮರೆತ ಹೆಸರನ್ನು ಮತ್ತೆ ಓದುಗರ ಮುಂದಿಟ್ಟರು. ನಾನು ಸಾಡಿಯ ಹಂದಿಗಳನ್ನು ಭೇಟಿಯಾದದ್ದು ಆ ಪ್ರಬಂಧದ ಮೂಲಕ. ಅಷ್ಟರಲ್ಲಿ ಆ ಉಪವಿಭಾಗದಿಂದ ನನಗೆ ವರ್ಗವಾಗಿ ಎಷ್ಟೋ ವರ್ಷ ಕಳೆದಿತ್ತು.

ಸಾಡಿಯನ್ನು ಅರ್ಥಶಾಸ್ತ್ರಕ್ಕೆ ಎಳೆದ ಆ ಯುದ್ಧದ ಸಾಲದ ಕಥೆಯೂ ಒಂದಿದೆ. 1917ರಲ್ಲಿ ಬ್ರಿಟಿಷ್ ಸರ್ಕಾರ ಶೇ 5ರ ಬಡ್ಡಿಗೆ ಜನರಿಂದ ಎತ್ತಿದ ಸಮರ ಸಾಲವನ್ನು 1932ರಲ್ಲಿ ಶೇ 3.5ರ ಸಾಲಪತ್ರಗಳಾಗಿ ಬದಲಿಸಲಾಯಿತು. ಅಲ್ಲಿಂದಾಚೆ ವರ್ಷವರ್ಷ ಬಡ್ಡಿ ಸಂದಾಯವಾಗುತ್ತಲೇ ಇತ್ತು, ಅಸಲು ಹಾಗೇ ಉಳಿದಿತ್ತು. ಉಳಿದಿದ್ದ ಸುಮಾರು 190 ಕೋಟಿ ಪೌಂಡನ್ನು ಬ್ರಿಟನ್ನಿನ ಖಜಾನೆ 2015ರ ಮಾರ್ಚ್ 9ರಂದು ತೀರಿಸಿತು. ಅದಕ್ಕೆ ಬೇಕಾದ ಹಣವನ್ನು ಹೊಂದಿಸಿದ್ದು ಕಡಿಮೆ ಬಡ್ಡಿಯ ಹೊಸ ಸಾಲಪತ್ರಗಳನ್ನು ಹೊರಡಿಸಿ.